ಅಧಿಕಪ್ರಸಂಗಿ ಟಿವಿ

ಹೊಸ 43 ಇಂಚಿನ ಫೋರ್‌ಕೆ ಟಿವಿಯನ್ನು ಕಂಪ್ಯೂಟರಿಗೆ ಮಾನಿಟರ್ ಮಾಡಿಕೊಂಡಿದ್ದೇನೆ. ಹೇಗಿದೆ ಅಂತ ಕೇಳಿದರೆ, ಈಗ ಚೆನ್ನಾಗಿದೆ. ಕೇಬಲ್ ಚುಚ್ಚಿದ ಕೂಡಲೇ ಕಂಡದ್ದು ಮಾತ್ರ ಬೇರೆಯೇ ಅವತಾರ.

ಡೆಸ್ಕ್‌ಟಾಪಿನ ನಾಲ್ಕೂ ಅಂಚು ಪರದೆಯಿಂದ ಆಚೆ ಹೋಗಿಬಿಟ್ಟಿದ್ದವು. ಮೂಲೆಯಲ್ಲಿ ಗಂಟೆ ಕಾಣುತ್ತದೆ, ಅದರ ಕೆಳಗಿನ ತಾರೀಖು ಇಲ್ಲ. ಇದಕ್ಕೆ ಓವರ್‌ಸ್ಕ್ಯಾನ್ ಅನ್ನುತ್ತಾರೆ. ಹಳೇ ಪಿಕ್ಚರ್ ಟ್ಯೂಬ್ ಟಿವಿಗಳಲ್ಲಿ ಅಂಚಿನ ಚಿತ್ರ ನೆಟ್ಟಗೆ ಕೂರುತ್ತಿರಲಿಲ್ಲ. ಅದಕ್ಕೇ ಚಿತ್ರವನ್ನು ಸ್ವಲ್ಪ ಹಿಗ್ಗಿಸಿ, ಅಂಚನ್ನು ಚೌಕಟ್ಟಿನ ಹಿಂದೆ ಮುಚ್ಚಿಡುತ್ತಿದ್ದರು. ಟ್ಯೂಬ್ ಹೋಗಿ ಯಾವ ಕಾಲವಾಯಿತು, ಈ ಚಾಳಿ ಇನ್ನೂ ಹೋಗಿಲ್ಲ!

ಅಂಚು ಹೋದರೆ ಹೋಗಲಿ ಅನ್ನೋಣವೆಂದರೆ ಅಕ್ಷರಗಳೂ ಹಾಳು. ಪರದೆಯಲ್ಲಿರುವುದು 3840 × 2160 ಚುಕ್ಕೆ, ಕಂಪ್ಯೂಟರ್ ಕಳಿಸುವುದೂ ಅಷ್ಟೇ. ಚುಕ್ಕೆಗೆ ಚುಕ್ಕೆ ಕೂತರೆ ಅಕ್ಷರ ಸ್ಪಷ್ಟ. ಹಿಗ್ಗಿಸಿದಾಗ ಒಂದರ ಬಣ್ಣ ಪಕ್ಕದ್ದರ ಮೇಲೆ ಬೀಳುತ್ತದೆ. ಇಂಗ್ಲಿಷ್ ಅಕ್ಷರ ಹೇಗೋ ಓದಬಹುದು. ಕನ್ನಡದಲ್ಲಿ 'ರಾಷ್ಟ್ರ' ಅಂತ ಬರೆದು ನೋಡಿ, ಕೆಳಗಿನ ಒತ್ತುಗಳೆಲ್ಲ ಕಲಸಿ ಮುದ್ದೆ. ಪಿಕ್ಚರ್ ಸೈಜ್ ಮೆನುವಿನಲ್ಲಿ ಇದನ್ನು ನಿಲ್ಲಿಸಬಹುದು. ಆದರೆ 'ಜಸ್ಟ್ ಸ್ಕ್ಯಾನ್', 'ಸ್ಕ್ರೀನ್ ಫಿಟ್' ಅಂತ ಒಂದೊಂದು ಟಿವಿಯಲ್ಲಿ ಒಂದೊಂದು ಹೆಸರು. ಹುಡುಕಬೇಕು.

ಮುಂದಿನದು ಶಾರ್ಪ್‌ನೆಸ್. ಹೆಸರು ಕೇಳಿದರೆ ಜಾಸ್ತಿ ಇದ್ದಷ್ಟೂ ಒಳ್ಳೆಯದು ಅನ್ನಿಸುತ್ತದೆ, ಅಲ್ವಾ? ಹತ್ತಿರ ಹೋಗಿ ನೋಡಿದರೆ ತಿಳಿಬೂದು ಬಣ್ಣದ ಹಾಳೆಯ ಮೇಲಿನ ಪ್ರತಿ ಕಪ್ಪು ಅಕ್ಷರದ ಸುತ್ತಲೂ ಬಿಳಿ ಗೆರೆ. ಸಿನಿಮಾದಲ್ಲಿ ಅದು ಗೊತ್ತಾಗುವುದಿಲ್ಲ, ಓದುವಾಗ ಕಣ್ಣಿಗೆ ಚುಚ್ಚುತ್ತದೆ. ನನ್ನ ಟಿವಿಯಲ್ಲಿ ಸೊನ್ನೆಗೆ ಇಳಿಸಿದ ಮೇಲೆ ಹೋಯಿತು.

ನನಗೆ ಜಾಸ್ತಿ ಕಾಟ ಕೊಟ್ಟಿದ್ದು ಬಣ್ಣ. ಕಪ್ಪು ಹಿನ್ನೆಲೆಯಲ್ಲಿ ಕೆಂಪು ಅಕ್ಷರ ಬಂದರೆ ಸಾಕು, ನೀರು ಬಿದ್ದ ಶಾಯಿಯ ಹಾಗೆ ಹರಡುತ್ತಿತ್ತು. ಪಕ್ಕದ ಸಾಲಿನ ಬಿಳಿ ಅಕ್ಷರ ಮಾತ್ರ ಸರಿಯಾಗಿತ್ತು. ಇದಕ್ಕೆ ಕಾರಣವಿದೆ. ವಿಡಿಯೋದಲ್ಲಿ ಜಾಗ ಉಳಿಸಲು ಬೆಳಕಿನ ಲೆಕ್ಕವನ್ನು ಪ್ರತಿ ಚುಕ್ಕೆಗೂ ಇಟ್ಟು, ಬಣ್ಣವನ್ನು ನಾಲ್ಕು ಚುಕ್ಕೆಗೆ ಸೇರಿಸಿ ಒಂದೇ ಇಡುತ್ತಾರೆ. 4:2:0 ಅನ್ನುವುದು ಇದಕ್ಕೇ. ನಮ್ಮ ಕಣ್ಣು ಬೆಳಕಿನ ವಿಷಯದಲ್ಲಿ ಚುರುಕು, ಬಣ್ಣದ ವಿಷಯದಲ್ಲಿ ಮಂದ. ಹಾಗಾಗಿ ಸಿನಿಮಾಕ್ಕೆ ನಡೆಯುತ್ತದೆ. ಸಣ್ಣ ಅಕ್ಷರಕ್ಕೆ 4:4:4 ಬೇಕು, ಅಂದರೆ ಪ್ರತಿ ಚುಕ್ಕೆಗೂ ಅದರದೇ ಬಣ್ಣ. ಕೊನೆಗೆ ಕೆಲಸ ಮಾಡಿದ್ದು ಒಂದು ವಿಚಿತ್ರ ಉಪಾಯ: ಕೇಬಲ್ ಚುಚ್ಚಿದ ಎಚ್‌ಡಿಎಂಐ ಇನ್‌ಪುಟ್‌ನ ಹೆಸರನ್ನು 'ಪಿಸಿ' ಅಂತ ಬದಲಾಯಿಸುವುದು. ಸುಮ್ನೆ ಹೆಸರಲ್ಲ, ಹಾಗೆ ಬದಲಾಯಿಸಿದರೆ ಟಿವಿ ತನ್ನ ಕೈಚಳಕಗಳನ್ನು ಬಹುಪಾಲು ಬಿಟ್ಟುಬಿಡುತ್ತದೆ. ಮೌಸ್ ಎಳೆದಾಗ ಬಾಣ ತಡವಾಗಿ ಬರುತ್ತಿದ್ದದ್ದೂ ಇದರಿಂದಲೇ ಸರಿಹೋಯಿತು. ಚಲನೆ ನಯವಾಗಲಿ ಅಂತ ಎರಡು ಫ್ರೇಮಿನ ನಡುವೆ ತಾನೇ ಒಂದನ್ನು ಸೃಷ್ಟಿಸಲು ಮುಂದಿನ ಫ್ರೇಮಿಗೆ ಕಾಯಬೇಕಲ್ಲ, ತಡ ಆಗದೆ ಇನ್ನೇನು?

ಒಟ್ಟಿನಲ್ಲಿ ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಹೊಗಳಿಕೊಂಡಿದ್ದನ್ನೆಲ್ಲ ಒಂದೊಂದಾಗಿ ಆಫ್ ಮಾಡಿದೆ, ಟಿವಿ ಮಾನಿಟರ್ ಆಯಿತು. ಕೊಟ್ಟ ಚಿತ್ರವನ್ನು ಇದ್ದ ಹಾಗೇ ತೋರಿಸು ಅಂದರೆ, ತಿದ್ದಿ ತೋರಿಸುತ್ತೇನೆ ಅನ್ನುವ ಅಧಿಕಪ್ರಸಂಗ ಯಾಕೆ? ಬರುತ್ತಿರುವುದು ಸಿನಿಮಾನಾ, ಗೇಮಾ, ಗ್ರಾಫಿಕ್ಸಾ ಅಂತ ಟಿವಿಗೆ ತಿಳಿಸುವ ಏರ್ಪಾಡು 2009ರ ಎಚ್‌ಡಿಎಂಐ 1.4 ಆವೃತ್ತಿಯಲ್ಲೇ ಬಂದಿದೆ. ಆದರೂ ನಾವೇ ಮೆನು ತಡಕಾಡಬೇಕು. ಇದು ತಾಂತ್ರಿಕ ತೊಡಕಲ್ಲ, ಉದಾಸೀನ.

ಇಷ್ಟೆಲ್ಲ ಬೈದರೂ ವಾಪಸ್ ಕೊಡುವ ಯೋಚನೆ ಇಲ್ಲ. ಇಷ್ಟು ಜಾಗದ ರುಚಿ ಹತ್ತಿದರೆ ಬಿಡುವುದು ಕಷ್ಟ. ಲೆಕ್ಕಕ್ಕೆ ಇದು ಇಪ್ಪತ್ತೊಂದೂವರೆ ಇಂಚಿನ ನಾಲ್ಕು ಫುಲ್ ಎಚ್‌ಡಿ ಮಾನಿಟರ್‌ಗಳನ್ನು ನಡುವೆ ಗೆರೆಯಿಲ್ಲದೆ ಜೋಡಿಸಿದಂತೆ. ಇಂಚಿಗೆ ಸುಮಾರು 102 ಚುಕ್ಕೆ, 24 ಇಂಚಿನ ಫುಲ್ ಎಚ್‌ಡಿ ಮಾನಿಟರಿನಲ್ಲಿ 92. ಎಡಕ್ಕೆ ಬರವಣಿಗೆ, ಬಲಕ್ಕೆ ಪಿಡಿಎಫ್, ಮಧ್ಯೆ ಇನ್ನೂ ಜಾಗ. ಮೇಲಿನ ತುದಿ ನೋಡಲು ಮಾತ್ರ ಕತ್ತು ಎತ್ತಬೇಕು. ಅಲ್ಲಿ ಅಪರೂಪಕ್ಕೆ ಬೇಕಾದ ಕಿಟಕಿಗಳನ್ನು ಇಟ್ಟಿದ್ದೇನೆ. ಬ್ಯಾಕ್‌ಲೈಟ್ ಅರ್ಧಕ್ಕಿಂತ ಕೆಳಗೆ. ಕಂಪ್ಯೂಟರ್ ಎದ್ದರೂ ಟಿವಿ ಏಳುವುದಿಲ್ಲ, ರಿಮೋಟ್ ಒತ್ತಿ ಎಬ್ಬಿಸಬೇಕು.

ನೀವೂ ಕೊಳ್ಳುವುದಾದರೆ ಡೆಮೊ ವಿಡಿಯೋ ನೋಡಿ ಮರುಳಾಗಬೇಡಿ. ಲ್ಯಾಪ್‌ಟಾಪ್ ಒಯ್ದು, ಕಪ್ಪಿನ ಮೇಲೆ ಸಣ್ಣ ಕೆಂಪು ಅಕ್ಷರ ಹಾಕಿ ನೋಡಿ. ಫೋರ್‌ಕೆ ಚಿತ್ರ 60 ಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 60 ಸಲ, ಬರಲು ಎಚ್‌ಡಿಎಂಐ 2.0 ಬೇಕು, 1.4 ಆದರೆ 30ಕ್ಕೇ ನಿಲ್ಲುತ್ತದೆ. ಕೆಲವು ಟಿವಿಗಳಲ್ಲಿ ಎಲ್ಲ ಪೋರ್ಟ್‌ಗಳೂ ಒಂದೇ ಥರ ಇರುವುದಿಲ್ಲ, ಅದನ್ನೂ ಕೇಳಿಕೊಳ್ಳಿ.