ನರಹುಲಿಗೆ ಬೇರಿಲ್ಲ, ಬ್ಲೇಡ್ ಕೆಳಗಿಡಿ

ಅಂಗಾಲಲ್ಲಿ ಗಟ್ಟಿ ಗಂಟೊಂದು ಕಂಡರೆ ಸಾಕು, ಮಂಡ್ಯ ಕಡೆ ‘ಆಣಿ ಆಗೈತೆ’ ಅಂತ ತೀರ್ಪು ಕೊಟ್ಟಾಗಿರುತ್ತೆ. ಮೆಡಿಕಲ್ ಸ್ಟೋರಿಗೆ ಹೋಗಿ ಆಸಿಡ್ ಇರೋ ಕಾರ್ನ್ ಕ್ಯಾಪ್ ಪಟ್ಟಿ ತಂದು ಅಂಟಿಸಿ, ಅದು ಬೆವರಿಗೆ ಜಾರಿ ಪಕ್ಕದ ಒಳ್ಳೇ ಚರ್ಮ ಸುಟ್ಟ ಮೇಲೆ ಡಾಕ್ಟರ ಹತ್ತಿರ ಓಡೋದು. ಅದು ಆಣಿಯೋ ನರಹುಲಿಯೋ ಅಂತ ತಿಳಿಯೋಕೆ ಎರಡು ನಿಮಿಷ ಸಾಕು. ನೇರವಾಗಿ ಬೆರಳಿಂದ ಒತ್ತಿದಾಗ ಹೆಚ್ಚು ನೋವಾದರೆ ಆಣಿ ಇರಬಹುದು. ಎರಡೂ ಪಕ್ಕದಿಂದ ಚಿವುಟಿ ಹಿಡಿದಾಗ ‘ಅಯ್ಯೋ’ ಅನ್ನಿಸಿದರೆ ನರಹುಲಿ ಅನ್ನೋ ಅನುಮಾನ ಬಲವಾಗುತ್ತೆ. ಇನ್ನೂ ಗಟ್ಟಿ ಗುರುತು ಚರ್ಮದ ಗೆರೆ. ಆಣಿಯ ಮೇಲೆ ಅಂಗಾಲಿನ ಗೆರೆಗಳು ಹಾಗೇ ಹಾದುಹೋಗುತ್ತವೆ, ನರಹುಲಿ ಹತ್ತಿರ ಬಂದರೆ ಸುತ್ತು ಹಾಕಿಕೊಂಡು ಪಕ್ಕಕ್ಕೆ ಸರಿಯುತ್ತವೆ. ಮೇಲಿನ ಸತ್ತ ಚರ್ಮ ಸ್ವಲ್ಪ ಉಜ್ಜಿ ನೋಡಿ, ಸೂಜಿಮೊನೆಯಷ್ಟು ಕಪ್ಪು ಚುಕ್ಕೆಗಳು ಕಂಡರೆ ಅದು ಬಹುತೇಕ ನರಹುಲಿಯೇ.

ಆ ಚುಕ್ಕೆಗಳನ್ನೇ ಜನ ‘ಬೇರು’ ಅಂತಾರೆ. ಅವು ಹೆಪ್ಪುಗಟ್ಟಿದ ಸಣ್ಣ ರಕ್ತನಾಳಗಳು, ಅಷ್ಟೇ. ನರಹುಲಿ ಎಚ್‌ಪಿವಿ ಅನ್ನೋ ವೈರಸ್‌ನಿಂದ ಬರೋದು, ಅದು ಚರ್ಮದ ಮೇಲ್ಪದರದಲ್ಲೇ ಬದುಕೋದು. ಕೆಳಗೆ ಕೀಳೋಕೆ ಬೇರೇ ಇಲ್ಲ. ಹಾಗಾಗಿ ಬ್ಲೇಡಿನಲ್ಲಿ ಅಗೆದರೆ ರಕ್ತ ಬರುತ್ತೆ, ವೈರಸ್ ಪಕ್ಕದ ಗಾಯಕ್ಕೆ ಸೇರುತ್ತೆ, ಒಂದಿದ್ದದ್ದು ನಾಲ್ಕಾಗುತ್ತೆ. ಉಗುರು ಕಚ್ಚೋರಿಗೆ ಉಗುರಿನ ಸುತ್ತ ಸಾಲಾಗಿ ಏಳೋದೂ ಇದೇ ಕಾರಣಕ್ಕೆ.

ಮನೆಯಲ್ಲೇ ಮಾಡಬಹುದಾದ ಚಿಕಿತ್ಸೆಗಳಲ್ಲಿ ನಂಬಬಹುದಾದ್ದು ಸ್ಯಾಲಿಸಿಲಿಕ್ ಆಸಿಡ್. ಸಾಮಾನ್ಯವಾಗಿ ಸಿಗೋದು ಶೇ. 17ರಷ್ಟು ಸ್ಯಾಲಿಸಿಲಿಕ್ ಆಸಿಡ್ ಇರುವ ಪೇಂಟ್, ಜೊತೆಗೆ ಲ್ಯಾಕ್ಟಿಕ್ ಆಸಿಡ್ ಸೇರಿರುತ್ತೆ. ಅಂಗಾಲಿನ ದಪ್ಪ ಚರ್ಮಕ್ಕೆ ಶೇ. 40ರ ಪ್ಲಾಸ್ಟರೂ ಉಂಟು. ಔಷಧಿ ಬಹಳ ಜನರ ಮನೇಲಿ ಇರುತ್ತೆ, ಕೆಲಸ ಮಾಡಲ್ಲ ಅಂತ ಕಪಾಟಿನ ಮೂಲೆಗೆ ಬಿದ್ದಿರುತ್ತೆ. ಕಾರಣ, ಯಾರೂ ಉಜ್ಜಲ್ಲ. ಸತ್ತ ಚರ್ಮದ ಮೇಲೇ ಪೇಂಟ್ ಹಚ್ಚುತ್ತಾ ಹೋದರೆ ಅದು ಕೆಳಗಿಳಿಯೋದು ಹೇಗೆ?

ರಾತ್ರಿ ಮಲಗೋ ಮುಂಚೆ ಕಾಲನ್ನ ಬೆಚ್ಚಗಿನ ನೀರಲ್ಲಿ 5ರಿಂದ 10 ನಿಮಿಷ ನೆನೆಸಿ. ಚರ್ಮ ಬೆಳ್ಳಗೆ ಮೆತ್ತಗಾಗುತ್ತೆ. ಹಿಂದಿನ ದಿನದ ಪೇಂಟಿನ ಒಣ ಪೊರೆಯನ್ನ ಮೊದಲು ಸುಲಿದು ಹಾಕಿ. ಆಮೇಲೆ ಉಗುರು ಉಜ್ಜುವ ಫೈಲ್ ಅಥವಾ ಸ್ಯಾಂಡ್‌ಪೇಪರ್ ಚೂರಿನಿಂದ ಬಿಳಿ ಪುಡಿ ಉದುರೋವರೆಗೆ ಉಜ್ಜಿ. ನೋವು ಶುರುವಾದರೆ ಅಥವಾ ಕೆಂಪು ಕಂಡರೆ ಅಲ್ಲಿಗೇ ನಿಲ್ಲಿಸಿ. ಚೆನ್ನಾಗಿ ಒರೆಸಿ ಒಣಗಿಸಿ. ಸುತ್ತಲಿನ ಚರ್ಮಕ್ಕೆ ವ್ಯಾಸಲೀನ್ ಬಳಿದು, ನರಹುಲಿಯ ಮೇಲೆ ಮಾತ್ರ ಹಲ್ಲುಕಡ್ಡಿಯ ತುದಿಯಿಂದ ಒಂದೆರಡು ಹನಿ ಇಡಿ. ಬಿಳಿ ಪೊರೆ ಕಟ್ಟಿದ ಮೇಲೆ ಔಷಧಿಯಿಲ್ಲದ ಸಾದಾ ಪ್ಲಾಸ್ಟರ್ ಅಂಟಿಸಿ. ಆ ಫೈಲ್ ಉಗುರಿಗೆ ಬಳಸಬೇಡಿ, ಮನೆಯವರಿಗೂ ಕೊಡಬೇಡಿ. ಬಾಟಲಿ ಮುಚ್ಚಳ ಗಟ್ಟಿಯಾಗಿ ಮುಚ್ಚಿಡಿ, ಇಲ್ಲವಾದರೆ ಬೇಗ ಅಂಟಾಗುತ್ತೆ. ಅದು ಬೆಂಕಿ ಹತ್ತೋ ವಸ್ತು, ದೇವರ ದೀಪದ ಪಕ್ಕದಲ್ಲಿ ಕೂತು ಹಚ್ಚಬೇಡಿ.

ಉರಿ, ಹುಣ್ಣು ಬಂದರೆ ನಿಲ್ಲಿಸಿ, ಅದು ಮಾಯ್ದ ಮೇಲೆ ಮತ್ತೆ ಶುರು ಮಾಡಿ. ಹೀಗೆ ಸುಮಾರು 12 ವಾರ. ಹೌದು, ಮೂರು ತಿಂಗಳು! ಹತ್ತು ದಿನಕ್ಕೆ ಬೇಜಾರಾಗೋರಿಗೆ ಈ ಔಷಧಿ ಒಗ್ಗಲ್ಲ.

ಲಿಕ್ವಿಡ್ ನೈಟ್ರೋಜನ್‌ನ ಕೊರೆಯೋ ಶೀತದಲ್ಲಿ ಸುಡೋದು ಇದಕ್ಕಿಂತ ದೊಡ್ಡ ಚಿಕಿತ್ಸೆ ಅನ್ನೋ ಭ್ರಮೆ ಇದೆ. ಮೈನಸ್ 196 ಡಿಗ್ರಿ ಅನ್ನೋ ಅಂಕಿಯೇ ಜನರನ್ನ ಬೆರಗಾಗಿಸುತ್ತೆ. ಬ್ರಿಟನ್ ಮತ್ತು ಐರ್ಲೆಂಡಿನಲ್ಲಿ ಅಂಗಾಲಿನ ನರಹುಲಿಯಿದ್ದ 240 ಜನರ ಮೇಲೆ ನಡೆದ, 2011ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ 12 ವಾರಕ್ಕೆ ಪೂರ್ತಿ ಮಾಯವಾದದ್ದು ಎರಡೂ ಗುಂಪಿನಲ್ಲಿ ಶೇ. 14ರಷ್ಟು ಮಂದಿಗೆ ಮಾತ್ರ. ಒಂದು ಗುಂಪಿಗೆ ಶೀತ, ಇನ್ನೊಂದಕ್ಕೆ ಆಸಿಡ್. ಅಂಗಾಲಿನದ್ದು ಎಷ್ಟು ಹಟಮಾರಿ ಅಂತ ಇದರಿಂದಲೇ ತಿಳಿಯುತ್ತೆ. ಶೀತ ಚಿಕಿತ್ಸೆಗೆ ಹೋದರೂ ಎರಡು ಮೂರು ವಾರಕ್ಕೊಮ್ಮೆ, ನಾಲ್ಕಾರು ಸಲ ಬೇಕಾಗಬಹುದು. ಮಾರನೇ ದಿನ ಗುಳ್ಳೆ ಬಂದರೆ ಹೆದರಬೇಡಿ, ಒಡೆಯಲೂಬೇಡಿ.

ಇನ್ನು ಊರ ಮದ್ದು. ಸುಣ್ಣಕ್ಕೆ ಸೋಡಾ ಕಲೆಸಿ ಹಚ್ಚೋದು, ಗೇರುಬೀಜದ ಎಣ್ಣೆ, ಊದುಬತ್ತಿಯಲ್ಲಿ ಸುಡೋದು, ಕೂದಲು ಕಟ್ಟೋದು. ಮೊದಲ ಮೂರೂ ಸುಡೋ ಕೆಲಸವೇ, ಎಷ್ಟು ಆಳಕ್ಕೆ ಅನ್ನೋ ಹಿಡಿತ ಮಾತ್ರ ಇಲ್ಲ. ಅಂಗಾಲಲ್ಲಿ ಆದ ಕಲೆ ವರ್ಷಗಟ್ಟಲೆ ಹೆಜ್ಜೆ ಹೆಜ್ಜೆಗೂ ಚುಚ್ಚುತ್ತೆ, ನರಹುಲಿಗಿಂತ ಹೆಚ್ಚು. ಕೂದಲು ಕಟ್ಟೋಕೆ ತೊಟ್ಟು ಬೇಕು, ಚಪ್ಪಟೆ ನರಹುಲಿಗೆ ಎಲ್ಲಿ ಕಟ್ತೀರಿ? ಉಪ್ಪಿನ ಹರಕೆ ಹೊತ್ತ ಮಕ್ಕಳಿಗೆ ವಾಸಿಯಾಗೋದು ನಿಜ. ಮಕ್ಕಳ ನರಹುಲಿ ಬಹುಪಾಲು ಎರಡು ವರ್ಷದಲ್ಲಿ ತಾನಾಗೇ ಹೋಗುತ್ತೆ, ಪುಣ್ಯ ಹರಕೆಯ ಲೆಕ್ಕಕ್ಕೆ. ಸುಣ್ಣಕ್ಕಿಂತ ಹರಕೆಯೇ ವಾಸಿ, ಗಾಯವಾದರೂ ಆಗಲ್ಲ.

ಸಕ್ಕರೆ ಕಾಯಿಲೆ ಇರೋರು, ಕಾಲು ಜೋಮು ಹಿಡಿಯೋರು ಅಂಗಾಲಿಗೆ ಆಸಿಡ್ ಮುಟ್ಟಿಸಲೇಬಾರದು. ಸುಟ್ಟದ್ದು ಗೊತ್ತಾಗೋ ಹೊತ್ತಿಗೆ ಹುಣ್ಣಾಗಿರುತ್ತೆ. ಮುಖಕ್ಕೂ ಮಚ್ಚೆಗೂ ಇದು ಬೇಡ. ವಯಸ್ಸಾದ ಮೇಲೆ ಹೊಸದಾಗಿ ಎದ್ದು ರಕ್ತ ಸೋರೋ ಗಂಟು, ಉಗುರಿನ ಕೆಳಗೆ ಕಪ್ಪಾಗಿ ಹರಡೋದು ಇದ್ದರೆ ಪೇಂಟ್ ಪಕ್ಕಕ್ಕಿಟ್ಟು ನೇರ ಚರ್ಮದ ಡಾಕ್ಟರಿಗೆ ತೋರಿಸಿ. ಮಂಡ್ಯದ ಮಿಮ್ಸ್ ಆಸ್ಪತ್ರೆ, ಮೈಸೂರಿನ ಕೆ.ಆರ್. ಆಸ್ಪತ್ರೆ ಎರಡರಲ್ಲೂ ಚರ್ಮರೋಗ ವಿಭಾಗ ಇದೆ. ಮೂರು ತಿಂಗಳಾದರೂ ಜಗ್ಗದಿದ್ದರೆ ಅಲ್ಲಿ ಕೇಳಿ. ನರಹುಲಿಯೊಳಗೇ ದಡಾರ, ಮಂಗನಬಾವು, ರುಬೆಲ್ಲಾ ತಡೆಯೋಕೆ ಕೊಡೋ ಎಂಎಂಆರ್ ಲಸಿಕೆ ಅಥವಾ ವಿಟಮಿನ್ ಡಿ3 ಚುಚ್ಚಿ ದೇಹದ ರೋಗನಿರೋಧಕ ಶಕ್ತಿಯನ್ನ ಎಬ್ಬಿಸೋ ವಿಧಾನವೂ ಇದೆ. ಕೆಲವರಿಗೆ ಒಂದಕ್ಕೆ ಚುಚ್ಚಿದರೆ ದೂರದ್ದೂ ಉದುರುತ್ತೆ.

ವಾಸಿಯಾಯ್ತು ಅಂತ ಯಾವಾಗ ನಿಲ್ಲಿಸೋದು? ಗಂಟು ಸಮವಾದ ಕೂಡಲೇ ಬೇಡ. ಕಪ್ಪು ಚುಕ್ಕೆ ಒಂದೂ ಉಳಿಯದೆ, ಅಂಗಾಲಿನ ಗೆರೆಗಳು ಆ ಜಾಗದ ಮೇಲೆ ಮತ್ತೆ ನೇರವಾಗಿ ಹಾದುಹೋದಾಗ ನಿಲ್ಲಿಸಿ, ಫೈಲನ್ನೂ ಕಸಕ್ಕೆ ಹಾಕಿ.