ನುಗ್ಗಿದ ಹುಡುಗನಿಗೆ ಗುಂಡು: ಟೋನಿ ಮಾರ್ಟಿನ್ ಮಾಡಿದ್ದು ಸರೀನಾ?

ಪರ

ಊರಾಚೆ ಒಂಟಿ ಮನೆ, ರಾತ್ರಿ ಹೊತ್ತು, ಕೆಳಗಡೆ ಯಾರೋ ಒಳಗೆ ಬಂದಿರೋ ಸದ್ದು. 1999ರ ಆಗಸ್ಟ್ 20ರಂದು ಇಂಗ್ಲೆಂಡಿನ ನಾರ್ಫೋಕ್‌ನ ಎಮ್ನೆತ್ ಹಂಗೇಟ್ ಹಳ್ಳೀಲಿ ರೈತ ಟೋನಿ ಮಾರ್ಟಿನ್ ಇದ್ದಿದ್ದು ಹಿಂಗೇ. 54 ವರ್ಷ, ಜೊತೆಗೆ ಯಾರೂ ಇಲ್ಲ, ಹಿಂದೆ ಎಷ್ಟೋ ಸಲ ಕಳ್ತನ ಆಗಿದೆ, ಪೊಲೀಸ್ರು ಏನೂ ಮಾಡ್ಲಿಲ್ಲ ಅಂತ ಅವನ ದೂರು. ಆವತ್ತು ನುಗ್ಗಿದ ಇಬ್ರೂ ದಾರಿ ತಪ್ಪಿ ಬಂದೋರಲ್ಲ, ಇಂಗ್ಲೆಂಡಲ್ಲೇ ಇರೋ ದೂರದ ನ್ಯೂವಾರ್ಕ್ ಊರಿಂದ ಕಳ್ತನಕ್ಕೇ ಅಂತ ಕಾರಲ್ಲಿ ಬಂದೋರು. ಮುಖಕ್ಕೆ ಟಾರ್ಚ್ ಬೆಳಕು ಬಿತ್ತು, ಹೆದ್ರಿ ಗುಂಡು ಹೊಡೆದೆ ಅಂದ ಮಾರ್ಟಿನ್. ಆ ಇಬ್ಬರಲ್ಲಿ ಒಬ್ಬ, ಹದಿನಾರರ ಹುಡುಗ, ಸತ್ತ. ಎದುರಿಗಿರೋನಿಗೆ ಹದಿನಾರೋ ಮೂವತ್ತೋ, ಕೈಯಲ್ಲಿ ಚಾಕು ಇದ್ಯೋ ಇಲ್ವೋ, ಆ ಕತ್ತಲಲ್ಲಿ ಯಾರಿಗೆ ಗೊತ್ತಾಗತ್ತೆ ಹೇಳಿ? ಕೋರ್ಟಲ್ಲಿ ಕೂತು ತಿಂಗಳುಗಟ್ಲೆ ಆದ್ಮೇಲೆ ಅಳತೆ ಹಿಡಿಯೋದು ಸುಲಭ, ಆ ಕ್ಷಣದಲ್ಲಿ ಯಾರ ಕೈಯಲ್ಲೂ ಆಗಲ್ಲ.

ಅಂಥವನಿಗೆ 2000ದಲ್ಲಿ ಕೊಲೆ ಅಂತ ಜೀವಾವಧಿ ಶಿಕ್ಷೆ! ಮೇಲಿಂದ, ಗುಂಡೇಟು ತಿಂದು ಬದುಕಿದ ಇನ್ನೊಬ್ಬ ಕಳ್ಳ ಪರಿಹಾರ ಕೊಡ್ಸಿ ಅಂತ ಇವನ ಮೇಲೇ ಕೇಸ್ ಹಾಕ್ದ (ಆಮೇಲೆ ಕೈಬಿಟ್ಟ ಬಿಡಿ). ಜನಕ್ಕೆ ರಕ್ತ ಕುದೀದೆ ಇರುತ್ತಾ? ಮನೆಯವನ ಕಡೆ ಕಾನೂನು ಇನ್ನೂ ಸ್ವಲ್ಪ ವಾಲ್ಬೇಕು ಅಂತ ಬ್ರಿಟನ್ನಿಗೆ 2013ರಲ್ಲಿ ತಿದ್ದುಪಡಿ ತರ್ಬೇಕಾಯ್ತು, ಆ ಕೂಗು ಜೋರಾಗಿದ್ದೇ ಈ ಕೇಸಿಂದ.

ವಿರೋಧ

ಭಯದ ಮಾತು ಒಪ್ಕೋತೀನಿ, ಆದ್ರೆ ಹುಡುಗನಿಗೆ ಗುಂಡು ಬಿದ್ದಿದ್ದು ಬೆನ್ನಿಗೆ. ಎದುರಿಗೆ ಬಂದು ಮೈಮೇಲೆ ಬೀಳೋನಿಗೆ ಬೆನ್ನಿಗೆ ಹೆಂಗೆ ಬೀಳತ್ತೆ? ಅವನು ಕಿಟಕಿ ದಾಟಿ ಹೊರಗೆ ಹೋಗಿ ತೋಟದಲ್ಲೇ ಸತ್ತ, ಹೆಣ ಸಿಕ್ಕಿದ್ದು ಮಾರನೇ ದಿನ. ಗುಂಡು ಹಾರಿಸಿದ ಮಾರ್ಟಿನ್ ಪೊಲೀಸ್ರಿಗೆ ಒಂದು ಫೋನ್ ಮಾಡ್ಲಿಲ್ಲ. ಯಾರಿಗಾದ್ರೂ ತಗುಲಿದ್ಯಾ ಅಂತ ನೋಡೋಕೆ ಜನ ಕಳಿಸಿದ್ರೆ ಹುಡುಗ ಉಳೀತಿದ್ನೋ ಇಲ್ವೋ, ಆ ಪ್ರಯತ್ನಾನೂ ಆಗ್ಲಿಲ್ಲವಲ್ಲ ಅನ್ನೋದೇ ನನಗೆ ಸಹಿಸೋಕಾಗಲ್ಲ.

ಆ ಗನ್ನಾದ್ರೂ ಎಂಥದ್ದು? ಲೈಸೆನ್ಸೇ ಇಲ್ಲದ ಪಂಪ್ ಆಕ್ಷನ್ ಶಾಟ್‌ಗನ್ (ಒಂದರ ಹಿಂದೊಂದು ಬೇಗ ಬೇಗ ಹೊಡೆಯೋಕಾಗೋ ಬಂದೂಕು). ಅವನ ಶಾಟ್‌ಗನ್ ಸರ್ಟಿಫಿಕೇಟನ್ನ 1994ರಲ್ಲೇ ಕಿತ್ಕೊಂಡಿದ್ರು, ತನ್ನ ಜಾಗಕ್ಕೆ ಬಂದಿದ್ದ ಒಬ್ಬನ ಕಾರಿಗೆ ಗುಂಡು ಹೊಡೆದಿದ್ದಕ್ಕೆ. ಅಂದ್ರೆ ಇವನ ಕೈಗೆ ಗನ್ ಕೊಡ್ಬಾರ್ದು ಅಂತ ಐದು ವರ್ಷ ಮುಂಚೇನೇ ಗೊತ್ತಿತ್ತು.

2001ರಲ್ಲಿ ಅಪೀಲ್ ಕೋರ್ಟು ಕೊಲೆ ಅನ್ನೋದನ್ನ ಅದಕ್ಕಿಂತ ಚಿಕ್ಕ ಅಪರಾಧಕ್ಕೆ ಇಳಿಸಿ ಶಿಕ್ಷೆ ಐದು ವರ್ಷ ಮಾಡ್ತು, ನಿಜ. ಆದ್ರೆ ಆತ್ಮರಕ್ಷಣೆ ಅನ್ನೋದನ್ನ ಆಗ್ಲೂ ಒಪ್ಲಿಲ್ಲ, ಮಾನಸಿಕ ಸ್ಥಿತಿ ಸರಿ ಇರ್ಲಿಲ್ಲ ಅನ್ನೋ ಕಾರಣಕ್ಕೆ ಇಳಿಸಿದ್ದು. ಇದನ್ನ ಮಾತ್ರ ಅವನ ಬೆಂಬಲಿಗರು ಹೇಳೋದೇ ಇಲ್ಲ, ಹೀರೋ ಮಾಡ್ಕೊಂಡು ಕೂತಿದ್ದಾರೆ. 2003ರಲ್ಲಿ ಹೊರಗೆ ಬಂದ, 2025ರವರೆಗೆ ಬದುಕಿದ್ದ.

ಹುಡುಗ ಕಳ್ತನಕ್ಕೆ ಬಂದಿದ್ದ, ಅವನ ಮೇಲೆ ಹಿಂದೇನೂ ಕೇಸ್‌ಗಳಿದ್ವು, ಎಲ್ಲಾ ಸರಿ. ಅದಕ್ಕೆ ಅಲ್ಲಿ ಜೈಲಿದೆ, ಬದುಕಿದ ಜೊತೆಗಾರನಿಗೆ ಆಯ್ತಲ್ಲ. ಅದೇ ಕಳ್ತನಕ್ಕೆ ಕೋರ್ಟು ಯಾರಿಗೂ ಮರಣದಂಡನೆ ಕೊಡಲ್ಲ, ಮನೆ ಯಜಮಾನ ಕೊಟ್ರೆ ಮಾತ್ರ ಸರಿ ಅನ್ನೋದು ಹೆಂಗೆ? 2013ರ ತಿದ್ದುಪಡೀನೂ ಮನೆಯವನಿಗೆ ಸ್ವಲ್ಪ ಹೆಚ್ಚು ಬಲ ಬಳಸಿದ್ರೆ ಪರ್ವಾಗಿಲ್ಲ ಅನ್ನತ್ತೆ, ವಿಪರೀತ ಆದ್ರೆ ರಕ್ಷಣೆ ಇಲ್ಲ ಅಂತಾನೂ ಅನ್ನತ್ತೆ.