ಹಾಡು ಬರೆದವರ ಮೊಬೈಲ್ ನಂಬರ್ ಕೊಡಿ

ಸೋಮವಾರ ರಾತ್ರಿ ಊಟ ಆದಮೇಲೆ ನಮ್ಮೂರ ಹನುಮಪ್ಪನ ಗುಡಿಯಲ್ಲಿ ಪದ ಹಾಡುವುದು ರೂಢಿ. ಕೊಪ್ಪಳದಿಂದ ಕೊನೆ ಬಸ್ಸು ಬಂದಮೇಲೆ ಹಾರ್ಮೋನಿಯಂ ಬಿಚ್ಚುತ್ತಾರೆ. ಜೊತೆಗೆ ಏಕತಾರಿ, ದಮ್ಮಡಿ, ಎರಡು ಜೋಡಿ ತಾಳ. ನಡುವೆ ಮಂಡಕ್ಕಿ ಒಗ್ಗರಣೆ, ಮಿರ್ಚಿ ಬಜ್ಜಿ. ಮಿರ್ಚಿ ಕಚ್ಚಿದ ಮೇಲೆ ದನಿ ಇನ್ನೂ ಒಂದು ಸ್ವರ ಮೇಲೇರುತ್ತದೆ.

ಮೂರು ಸೋಮವಾರದಿಂದ ಹಾಡಿಲ್ಲ. ಆನ್‌ಲೈನ್ ಅರ್ಜಿ ತುಂಬುತ್ತಿದ್ದೇವೆ.

ಯಾವುದೋ ಉತ್ಸವಕ್ಕೆ ಜನಪದ ತಂಡ ಬೇಕಂತೆ. ಹಾಡು: ಬೀಸುವ ಪದ. ಪ್ರಕಾರ: ಜನಪದ. ಇಲ್ಲಿತನಕ ಸಲೀಸು. ಮುಂದಿನ ಕಾಲಂ ಕೆಂಪು ಚುಕ್ಕಿಯದು: ‘ಹಾಡು ಬರೆದವರ ಹೆಸರು, ವಿಳಾಸ, ಮೊಬೈಲ್ ನಂಬರ್, ಒಪ್ಪಿಗೆ ಪತ್ರ.’

ಮಾಸ್ತರು ತಾಳ ಹಿಡಿದ ಅಜ್ಜಿಯ ಕಡೆ ತಿರುಗಿದರು. “ಯಮ್ಮಾ, ಇದನ್ನ ಯಾರ್ ಬರ್ದಾರ?”

“ನಮ್ಮತ್ತಿಗೆ ಎಲ್ಲಿ ಬರಿಯಾಕ ಬರ್ತಿತ್ತಪ್ಪ? ಕಲ್ಲು ತಿರುವ್ಕೋತ ಹಾಡ್ತಿದ್ಲು. ಆಕಿಗೆ ಆಕಿ ಅತ್ತಿ ಹೇಳಿಕೊಟ್ಟಿದ್ಲು.”

ಅತ್ತೆಯ ಅತ್ತೆಗೆ ಓಟಿಪಿ ಕಳಿಸುವುದು ಹೇಗೆ? ಖಾಲಿ ಬಿಟ್ಟರೆ ಅರ್ಜಿ ಮುಂದೆ ಹೋಗದು. ‘ಗೊತ್ತಿಲ್ಲ’ ಎಂದು ಹಾಕಿದೆವು. ‘ಶ್ರೀ/ಶ್ರೀಮತಿ ಗೊತ್ತಿಲ್ಲ ಅವರ ಒಪ್ಪಿಗೆ ಪತ್ರ ಲಗತ್ತಿಸಿ’ ಎಂದು ಬಂತು.

ಕಚೇರಿಗೆ ಫೋನ್ ಮಾಡಿದರೆ, “ಬರೆದವರು ಗೊತ್ತಿರೋ ಜನಪದ ಹಾಡ್ರಿ” ಎಂದರು. ತಮಾಷೆಗಲ್ಲ, ಸಹಾಯ ಮಾಡುವ ದನಿಯಲ್ಲೇ.

ನನಗೆ ದರೋಜಿ ಈರಮ್ಮ ನೆನಪಾದರು. ಓದು ಬರಹ ಇಲ್ಲದೆ ಕುಮಾರರಾಮ, ಬಾಲನಾಗಮ್ಮನಂಥ ಕಥೆಗಳನ್ನು ತಲೆಯಲ್ಲೇ ಇಟ್ಟುಕೊಂಡು ಬುರ್ರಕಥೆ ಹೇಳಿದವರು. 2003ರಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಗೌರವ ಪದವಿ ಕೊಟ್ಟಿತು. ಪುಣ್ಯ, ಕುಮಾರರಾಮನ ಕಥೆ ಕಟ್ಟಿದವರ ನಂಬರ್ ಆಗ ಯಾರೂ ಕೇಳಲಿಲ್ಲ.

ಅಭ್ಯಾಸಕ್ಕೂ ಪುರಾವೆ ಬೇಕು. ಬ್ಯಾನರ್ ಕಾಣಬೇಕು, ಫೋಟೋದಲ್ಲಿ ಜಾಗ, ಟೈಮು ಮೂಡಬೇಕು. ಹಾಗಾಗಿ ಕಳೆದ ವಾರ ಎಲ್ಲರೂ ಬಾಯಿ ತೆರೆದು ಕೂತೆವು. ದನಿ ಬೇಕಿರಲಿಲ್ಲ. ಆಯ್ಕೆಯಾದರೆ ವೇದಿಕೆಯಲ್ಲಿ ಮೂರು ನಿಮಿಷ ಸಿಗುತ್ತದಂತೆ. ಜೋಳ ಮುಗಿಯುವ ತನಕ ಮುಗಿಯದ ಪದ ಅದು. ಮೂರು ನಿಮಿಷಕ್ಕೆ ಒಂದು ಹಿಡಿ ನುರಿದರೆ ಜಾಸ್ತಿ, ಅಲ್ವಾ?

ಕೊನೆಗೆ ಮಾಸ್ತರು ತಮ್ಮದೇ ಹೆಸರು, ನಂಬರ್ ಹಾಕಿದರು. ತಮಗೆ ತಾವೇ ಒಪ್ಪಿಗೆ ಪತ್ರ ಬರೆದುಕೊಂಡು ಸಹಿ ಮಾಡಿದರು. ಅರ್ಜಿ ಟಣ್ ಅಂತ ಒಳಗೆ ಹೋಯಿತು.

ಅಜ್ಜಿ ತಾಳ ಕೆಳಗಿಟ್ಟಳು. “ಹಂಗಾರ ಜ್ವಾಳಾನೂ ನೀನೇ ಬೀಸು.”